ನಡೀತೈತೋ, ಸಾಕೋ?

ಬಳ್ಳಾರಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಹತ್ತಿ ಫ್ಯಾಕ್ಟರಿಯಲ್ಲಿ ಒಂದು ಫೋರ್ಕ್‌ಲಿಫ್ಟ್ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದಕ್ಕಿಂತ ನಿಂತಿರುತ್ತಿತ್ತು ಎನ್ನುವುದು ಸರಿ. ಅರವತ್ತರ ದಶಕದ ಕೊನೆಯಲ್ಲಿ ಮದ್ರಾಸಿನ ಬಂದರಿನಲ್ಲಿ ಹರಾಜಿಗೆ ಬಿದ್ದದ್ದನ್ನು ನಮ್ಮ ಸಾಹುಕಾರರು ಹಿಡಿದು ತಂದಿದ್ದರು. ಬಂದರಿನವರು ಅದನ್ನು ಯಾಕೆ ಹರಾಜಿಗೆ ಹಾಕಿದರು ಎಂದು ಯಾರೂ ಕೇಳಲಿಲ್ಲವಂತೆ. ನಾನು ಕೇಳುತ್ತಿದ್ದೆ, ಆದರೆ ನಾನಿನ್ನೂ ಕೆಲಸಕ್ಕೆ ಸೇರಿರಲಿಲ್ಲ.

ನಾನು ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ಗೋದಾಮಿನ ಸೂಪರ್‌ವೈಸರ್ ಆಗಿ. ಸುತ್ತಲಿನ ಊರುಗಳಿಂದ ಬಂದ ಹತ್ತಿಯಿಂದ ಬೀಜ ಬೇರ್ಪಡಿಸಿ, ಅರಳೆಯನ್ನು ಯಂತ್ರದಲ್ಲಿ ಒತ್ತಿ, ಕಬ್ಬಿಣದ ಪಟ್ಟಿ ಬಿಗಿದು ಬೇಲು ಮಾಡುತ್ತಿದ್ದರು. ಒಂದು ಬೇಲು ಎರಡು ಆಳಿಗಿಂತ ಹೆಚ್ಚು ತೂಕ. ಅವನ್ನು ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿ, ಲಾರಿ ಬಂದಾಗ ಲಾರಿಗೆ, ರೈಲಿನ ವ್ಯಾಗನ್ ಬಂದಾಗ ವ್ಯಾಗನ್ನಿಗೆ ತುಂಬಿಸುವುದು ನನ್ನ ಕೆಲಸ. ತುಂಬಿಸುವುದೆಂದರೆ ಪಕ್ಕದಲ್ಲಿ ನಿಂತು ಕೂಗುವುದು. ಕೂಗುವುದರಲ್ಲಿ ನನಗೆ ಫ್ಯಾಕ್ಟರಿಯಲ್ಲಿ ಒಳ್ಳೆಯ ಹೆಸರಿತ್ತು. ಎತ್ತುವುದಕ್ಕೆ ಫೋರ್ಕ್‌ಲಿಫ್ಟ್ ಇತ್ತು. ಅದು ಎತ್ತದಿದ್ದಾಗ ಹಮಾಲರಿದ್ದರು.

ಆ ಗಾಡಿಗೆ ಇಲ್ಲದ ಕಾಯಿಲೆ ಇರಲಿಲ್ಲ. ಬೆಳಿಗ್ಗೆ ತಾನಾಗಿ ಸ್ಟಾರ್ಟ್ ಆಗುತ್ತಿರಲಿಲ್ಲ, ನಾಲ್ಕು ಮಂದಿ ಹಿಂದಿನಿಂದ ನೂಕಬೇಕು. ಎಂಜಿನ್ ಬಿಸಿಯಾಗುವವರೆಗೆ ಹಿಂದಕ್ಕೆ ಹೋಗುತ್ತಿರಲಿಲ್ಲ, ಬಿಸಿಯಾದ ಮೇಲೆ ನಿಲ್ಲುತ್ತಿರಲಿಲ್ಲ. ಬ್ರೇಕಿನ ಬದಲು ಡ್ರೈವರ್ ಅದನ್ನು ಮೆಲ್ಲಗೆ ಬೇಲುಗಳ ರಾಶಿಗೆ ತಾಗಿಸುತ್ತಿದ್ದ. ಹತ್ತಿಯಾದ್ದರಿಂದ ಯಾರಿಗೂ ನೋವಾಗುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡದೆಂದರೆ, ಎತ್ತಿ ಹಿಡಿದ ಬೇಲು ಹಿಡಿದಷ್ಟು ಎತ್ತರದಲ್ಲಿ ಇರುತ್ತಿರಲಿಲ್ಲ. ಯಾರೂ ಮುಟ್ಟದಿದ್ದರೂ ತಾನೇ ಕೆಳಗಿಳಿಯುತ್ತಿತ್ತು. ಚಹಾಕ್ಕೆ ಹೋಗುವಾಗ ತಲೆಯ ಮೇಲಿದ್ದ ಬೇಲು ಚಹಾ ಕುಡಿದು ಬರುವಷ್ಟರಲ್ಲಿ ಮೊಣಕಾಲಿನ ಹತ್ತಿರ ಬಂದಿರುತ್ತಿತ್ತು.

ಇಂಥದ್ದನ್ನು ಬದಲಿಸುವುದಕ್ಕೆ ಏನು ಅಡ್ಡಿ ಎಂದು ಕೇಳಬಹುದು. ಅಡ್ಡಿ ಸಾಹುಕಾರರ ಮನೆತನದ ಒಂದು ಪದ್ಧತಿ. ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡ ಯಾವುದನ್ನೂ ಧಣಿಯಾದವನು ತಾನಾಗಿ ಬೇಡ ಎನ್ನಬಾರದು. ಅದರ ಸಂಗಡ ದುಡಿಯುವವರು ಸಾಕು ಅನ್ನಬೇಕು, ಅದೂ ಎಲ್ಲರೂ ಒಪ್ಪಿ ಅನ್ನಬೇಕು. ಅವರ ಅಜ್ಜನ ಕಾಲದಲ್ಲಿ ಎತ್ತುಗಳಿಗೆ ಇದ್ದ ನಿಯಮ ಅದು. ಎತ್ತು ಹೋಗಿ ಯಂತ್ರ ಬಂದ ಮೇಲೂ ನಿಯಮ ಹೋಗಲಿಲ್ಲ. ಪ್ರತಿ ವರ್ಷ ವಿಜಯದಶಮಿಯ ಸಂಜೆ ಸಾಹುಕಾರರು ಬಿಳಿ ಅಂಗಿ ತೊಟ್ಟು, ಬಿಳಿ ಧೋತರ ಉಟ್ಟು ಬನ್ನಿ ಕೊಡಲು ಫ್ಯಾಕ್ಟರಿಗೆ ಬರುತ್ತಿದ್ದರು. ಎಲ್ಲರ ಕೈಗೂ ಬನ್ನಿ ಕೊಟ್ಟು, ಬಂಗಾರದ ಹಾಗಿರೋಣ ಎಂದು ಹೇಳಿ, ಒಂದೊಂದು ಯಂತ್ರದ ಮುಂದೆಯೂ ನಿಂತು ಅದರವರನ್ನು ಕೇಳುತ್ತಿದ್ದರು: "ನಡೀತೈತೋ, ಸಾಕೋ?"

ಒಬ್ಬನೇ ಒಬ್ಬ "ನಡೀತೈತ್ರಿ" ಅಂದರೂ ಆಯಿತು, ಇನ್ನೊಂದು ವರ್ಷ.

ಫೋರ್ಕ್‌ಲಿಫ್ಟಿನ ಮುಂದೆ ಅವರು ಕೇಳುತ್ತಿದ್ದದ್ದು ಮೂವರನ್ನು. ಮೊದಲು ಡ್ರೈವರ್. ಗಾಡಿಯ ಜೊತೆಗೇ ಮದ್ರಾಸಿನಿಂದ ಬಂದ ತೆಲುಗಿನವನು. ತಿಂಗಳ ಸಂಬಳದವನಾದ್ದರಿಂದ ಗಾಡಿ ಓಡಿದರೂ ನಿಂತರೂ ಅವನಿಗೆ ಒಂದೇ. ನಿಂತಾಗ ಬೇವಿನ ಮರದ ಕೆಳಗೆ ಕೂತು ಬೀಡಿ ಸೇದಬಹುದಿತ್ತು. ಕೆಟ್ಟ ಗಾಡಿಗೆ ಇಷ್ಟು ಹೊಂದುವ ಡ್ರೈವರ್ ಬಳ್ಳಾರಿಯಲ್ಲಿ ಇನ್ನೊಬ್ಬನಿರಲಿಲ್ಲ. ಅವನು ಪ್ರತಿ ವರ್ಷವೂ ನಡೀತೈತಿ ಅನ್ನುತ್ತಿದ್ದ. ಎರಡನೆಯವರು ಕೌಲ್ ಬಜಾರಿನ ಮೆಕ್ಯಾನಿಕ್ ಸಾಬರು. ವಾರಕ್ಕೊಮ್ಮೆ ಬಂದು ಅದನ್ನು ಬಿಚ್ಚಿ ಕಟ್ಟುತ್ತಿದ್ದರು. "ನಾನು ರಿಪೇರಿ ಮಾಡೋನ್ರಿ. ಸಾಕು ಅಂದ್ರ ನನಗ ಬರಂಗಿಲ್ಲ ಅಂತ ಆಗ್ತೈತಿ" ಎನ್ನುತ್ತಿದ್ದರು. ಮೂರನೆಯವನು ನಾನು. ನಾನು ಸೇರಿದ ವರ್ಷದಿಂದಲೇ ಸಾಕು ಎನ್ನುತ್ತಿದ್ದೆ. ಸಾಹುಕಾರರು ತಲೆಯಾಡಿಸಿ ಮುಂದಿನ ಯಂತ್ರಕ್ಕೆ ಹೋಗುತ್ತಿದ್ದರು.

ಹಮಾಲರನ್ನು ಕೇಳುವ ಪದ್ಧತಿ ಇರಲಿಲ್ಲ. ಅವರು ಗಾಡಿಯ ಸಂಗಡ ದುಡಿಯುವವರಲ್ಲ, ಗಾಡಿ ನಿಂತಾಗ ದುಡಿಯುವವರು.

ಅವರು ಹನ್ನೆರಡು ಮಂದಿ, ಎಲ್ಲರೂ ಕುರುಗೋಡಿನವರು. ಆ ಹನ್ನೆರಡರಲ್ಲಿ ಒಬ್ಬ, ಉಳಿದವರನ್ನು ಕರೆತಂದವನು, ಮೇಸ್ತ್ರಿ. ಗಿಡ್ಡ ಆಳು, ಅಗಲ ಹೆಗಲು, ಹಣೆಯ ಮೇಲೆ ದಪ್ಪ ವಿಭೂತಿ. ನಾನು ಕೂಗಿದ್ದನ್ನು ಅವನು ಮೆಲ್ಲಗೆ ಇನ್ನೊಮ್ಮೆ ಹೇಳಿದರೆ ಕೆಲಸ ಆಗುತ್ತಿತ್ತು. ಇದು ನನಗೆ ಸೇರುತ್ತಿರಲಿಲ್ಲ. ಅವರಿಗೆ ಕೂಲಿ ಎತ್ತಿದ ಬೇಲಿನ ಲೆಕ್ಕದಲ್ಲಿ. ಎತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೊದಮೊದಲು ನನಗೆ ಒಂದು ವಿಷಯ ಅರ್ಥವಾಗಲಿಲ್ಲ. ಇಡೀ ಫ್ಯಾಕ್ಟರಿಯಲ್ಲಿ ಆ ಗಾಡಿಯ ಮೇಲೆ ಎಲ್ಲರಿಗಿಂತ ಹೆಚ್ಚು ಅಕ್ಕರೆ ಇದ್ದದ್ದು ಅದು ಯಾರ ಕೆಲಸ ಕಸಿದಿತ್ತೋ ಅವರಿಗೇ. ಬೆಳಿಗ್ಗೆ ನೂಕುವವರು ಅವರು. ರೇಡಿಯೇಟರಿಗೆ ನೀರು ತರುವವರು ಅವರು. ಎಣ್ಣೆ ಸೋರುವ ಪೈಪಿಗೆ ಸಾಬೂನು ಮೆತ್ತಿ ಗೋಣಿದಾರ ಸುತ್ತುವವರು ಅವರು. ಮಳೆ ಬಂದರೆ ತಾವು ನೆನೆದು ತಾಡಪಾಲು ಅದಕ್ಕೆ ಹೊದಿಸುತ್ತಿದ್ದರು. ಎಂಥ ನಿಷ್ಠೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದೆ.

ಗುಟ್ಟು ಬಿಟ್ಟುಕೊಟ್ಟವನು ಮೇಸ್ತ್ರಿಯೇ. ಪ್ರತಿ ವರ್ಷ ದಸರೆಗೆ ಮುಂಚೆ ಅವನು ಗಾಂಧಿನಗರದ ನಮ್ಮ ಮನೆಗೆ ಕುರುಗೋಡಿನ ಗುಡ್ಡದ ಸೀತಾಫಲ ತರುತ್ತಿದ್ದ. ಕಟ್ಟೆಯ ಮೇಲೆ ಕೂತು, ಬುಟ್ಟಿಯನ್ನು ನನ್ನ ಹೆಂಡತಿಯ ಕಡೆ ಸರಿಸಿ, ನನ್ನನ್ನು ನೋಡದೆ ಹೇಳುತ್ತಿದ್ದ: "ಆಚಾರ್ರ, ಈ ವರ್ಸೊಂದು ಸಾಕು ಅನಬ್ಯಾಡ್ರಿ." ನಾನು ಪೂಜೆ ಮಾಡಿಸುವ ಆಚಾರ್ಯನೇನಲ್ಲ. ಹಣೆಯ ಮೇಲಿನ ಮಾಧ್ವರ ಅಂಗಾರ ಅಕ್ಷತೆ ನೋಡಿ ಊರವರೆಲ್ಲ ಹಾಗೆ ಕರೆಯುತ್ತಿದ್ದರು.

"ನಿನಗ್ಯಾಕೋ ಆ ಡಬ್ಬಿ ಮ್ಯಾಲೆ ಅಷ್ಟು ಪ್ರೀತಿ? ಅದು ಕೆಟ್ಟಾಗೆಲ್ಲ ನಿಮ್ಮ ಬೆನ್ನ ಮುರಿಯೋದು" ಎಂದು ಒಂದು ವರ್ಷ ಕೇಳಿದೆ.

"ಅದಕ್ಕ ರೀ. ಗಾಡಿ ಚಲೋ ಇದ್ರ ನಮಗ ಕೆಲಸಿಲ್ಲ. ಗಾಡಿ ಸತ್ರ ಧಣೇರು ಹೊಸಾದು ತರ್ತಾರ, ಆಗೂ ಕೆಲಸಿಲ್ಲ. ಹಿಂಗ ಕುಂಟಕೋತ ಇದ್ರ ಅರ್ಧ ದಿನ ಅದರದು, ಅರ್ಧ ದಿನ ನಮ್ದು. ಹನ್ನೆರಡು ಮನಿ ಒಲಿ ಹತ್ತತಾವು."

"ಹೊಸಾದು ಬಂದ್ರ ಊರಾಗ ಏನರೆ ಮಾಡಿದ್ರಾತು."

"ಊರಾಗ ಏನೈತ್ರಿ? ಗುಡ್ಡ ಐತಿ. ಕಲ್ಲು ಒಡೀಬೇಕು."

ನನಗೆ ಮೈಯೆಲ್ಲ ಉರಿಯಿತು. ಹತ್ತು ಸಲ ಕೆಡುವ ಗಾಡಿಗಾಗಿ ನಾನು ರೈಲ್ವೆಯವರಿಂದ ಬೈಸಿಕೊಳ್ಳುತ್ತಿದ್ದರೆ, ಇವರು ಅದನ್ನು ಪೂರ್ತಿ ಕೆಡದ ಹಾಗೆ, ಪೂರ್ತಿ ಸರಿಯೂ ಆಗದ ಹಾಗೆ ಜೋಪಾನ ಮಾಡುತ್ತಿದ್ದರು! ಬುಟ್ಟಿ ತಿರುಗಿ ತೆಗೆದುಕೊಂಡು ಹೋಗು ಎಂದು ಕೂಗಿದೆ. ನನ್ನ ಹೆಂಡತಿ ಅಷ್ಟರಲ್ಲಿ ಹಣ್ಣು ಒಳಗೆ ಒಯ್ದು ಖಾಲಿ ಬುಟ್ಟಿಗೆ ಉಂಡಿ ಹಾಕಿ ತಂದಿದ್ದಳು. "ಅದೇನು ನಿಮ್ಮಪ್ಪ ಬಿಟ್ಟು ಹೋದ ಗಾಡಿ ಏನ್ರಿ? ನಡೀಲಿ ಬಿಡ್ರಿ, ಹನ್ನೆರಡು ಮನಿ ಮಾತದ" ಎಂದಳು. ನಾನು ಆ ವರ್ಷವೂ ಸಾಕು ಅಂದೆ. ಡ್ರೈವರ್ ನಡೀತೈತಿ ಅಂದ. ನಾನು ಸತ್ಯವನ್ನೂ ಹೇಳಿದ ಹಾಗಾಯಿತು, ಸೀತಾಫಲವನ್ನೂ ತಿಂದ ಹಾಗಾಯಿತು.

ಒಂದು ಸಲ ನಾನು ಬೇರೆ ದಾರಿ ಹುಡುಕಿದೆ. ಸಾಹುಕಾರರಿಗೆ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇತ್ತು. ಬಳ್ಳಾರಿಯಲ್ಲಿ ದಣಿದದ್ದೆಲ್ಲ ಸಿರುಗುಪ್ಪಕ್ಕೆ ಹೋಗುತ್ತಿತ್ತು. ಹಳೆಯ ಕಾರು ಅಲ್ಲಿತ್ತು, ಹಳೆಯ ತಕ್ಕಡಿ ಅಲ್ಲಿತ್ತು, ತನಗೆ ಬೇಕಾದಾಗ ಹೊಡೆಯುವ ಗಡಿಯಾರ ಅಲ್ಲಿತ್ತು, ಕಣ್ಣು ಮಂಜಾದ ಗುಮಾಸ್ತರೂ ಅಲ್ಲಿದ್ದರು. ಬೇಡ ಎನ್ನುವುದಲ್ಲ, ಸಿರುಗುಪ್ಪಕ್ಕೆ ಕಳಿಸುವುದು ಎಂದರೆ ಪದ್ಧತಿಯೂ ಉಳಿಯುತ್ತದೆ ಎಂದು ಸಾಹುಕಾರರಿಗೆ ಹೇಳಿದೆ. ಅವರಿಗೆ ಹಿಡಿಸಿತು. ಇಬ್ಬರೂ ಕಾರಿನಲ್ಲಿ ಹೋದೆವು. ಗಿರಣಿಯ ಮ್ಯಾನೇಜರು ನಾವು ಇಳಿಯುವುದಕ್ಕೆ ಮುಂಚೆಯೇ ಗೇಟಿಗೆ ಬಂದು ಕೈಮುಗಿದರು.

"ಧಣೇರ, ಮೊದಲ ಹೇಳಿಬಿಡ್ತೀನ್ರಿ. ಏನೂ ಕಳಿಸಬ್ಯಾಡ್ರಿ."

"ಇನ್ನೂ ನಾವು ಏನೂ ಅಂದೇ ಇಲ್ಲಲ್ಲೋ."

"ಆಚಾರ್ರು ಸಂಗಡ ಬಂದಾರಲ್ಲರಿ, ಗೊತ್ತಾತು. ಇಲ್ಲಿ ಅಂಗಳದ ತುಂಬ ಕಾಲುವಿ ನೀರು ಜಿನುಗತೈತಿ. ಗಾಡಿ ಇಳಿಸಿದ್ರ ಭತ್ತ ನಾಟಿ ಮಾಡಿದಂಗ ಹೂತು ಹೋಗ್ತೈತಿ."

ಅಂಗಳ ನಿಜವಾಗಿಯೂ ಕೆಸರಾಗಿತ್ತು. ಬೆಳಿಗ್ಗೆಯೇ ನೀರು ಬಿಡಿಸಿದ್ದರೋ ಏನೋ, ನಾನು ಕೇಳಲಿಲ್ಲ. ಹೊಸ ಅಕ್ಕಿಯ ಅನ್ನ, ಗೋಂಗುರ ಚಟ್ನಿ, ಗಟ್ಟಿ ಮೊಸರು ಹಾಕಿ ಊಟ ಮಾಡಿಸಿದರು. ತಿರುಗಿ ಬರುವಾಗ ಸಾಹುಕಾರರು ಅಡಿಕೆ ಅಗಿಯುತ್ತ, "ಬನ್ನಿ ದಿನ ಕೇಳೂಣ ಬಿಡ್ರಿ ಆಚಾರ್ರ" ಎಂದರು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಈಗ ಗಾಡಿಯ ಮೇಲಿದ್ದ ಮೂರು ಗೆರೆಯ ವಿಷಯ ಹೇಳಬೇಕು. ಗಾಡಿಯ ಮುಂದೆ ಬೇಲಿನ ಅಡಿಗೆ ಹೋಗುವ ಎರಡು ಕಬ್ಬಿಣದ ಕೈಗಳಿರುತ್ತವೆ. ಹಮಾಲರು ಅವನ್ನು ಕೊಂಬು ಎನ್ನುತ್ತಿದ್ದರು. ಮೇಲಿನಿಂದ ನೆಟ್ಟಗೆ ಬಂದು, ಮೊಣಕೈ ಹಾಗೆ ಬಾಗಿ, ಮುಂದಕ್ಕೆ ಚಾಚಿಕೊಂಡಿರುತ್ತವೆ. ಆ ಬಾಗಿದ ಜಾಗವೇ ಗಾಡಿಯ ಹಣೆ ಎಂದು ಮೇಸ್ತ್ರಿ ತೀರ್ಮಾನಿಸಿದ್ದ. ಆಯುಧಪೂಜೆಯ ದಿನ ಅಲ್ಲಿ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದ. ಹಲಕುಂದಿಯ ಮಠಕ್ಕೆ ಹೋದಾಗ ತಂದ ವಿಭೂತಿ. ಮೊದಲ ವರ್ಷ ಅದು ಒಂದೇ ಬೇಲಿಗೆ ಅಳಿಸಿಹೋಯಿತಂತೆ. ಹಾಗಾಗಬಾರದೆಂದು ಮರುವರ್ಷದಿಂದ ಬಿಳಿ ಆಯಿಲ್ ಪೇಂಟಿಗೆ ಚಿಟಿಕೆ ವಿಭೂತಿ ಕಲಸಿ ಬ್ರಷ್ಷಿನಿಂದ ಬಳಿಯತೊಡಗಿದ. ಪ್ರತಿ ದಸರೆಗೆ ಹಳೆಯದರ ಮೇಲೆ ಹೊಸದು. ವರ್ಷ ವರ್ಷ ಕಳೆದು ಆ ಗೆರೆಗಳು ಕೈಯಿಂದ ಮುಟ್ಟಿದರೆ ಉಬ್ಬಿಕೊಂಡು ಸಿಗುವಷ್ಟು ದಪ್ಪವಾದವು.

ಎಂಬತ್ತರ ದಶಕದ ಆರಂಭದ ಒಂದು ದಸರೆಗೆ ಮೆಕ್ಯಾನಿಕ್ ಸಾಬರು ಗಾಡಿಯನ್ನು ತಪಾಸಣೆ ಮಾಡಲು ಬಂದರು. ಎಲ್ಲವನ್ನೂ ತಟ್ಟಿ ನೋಡಿ ಕೊಂಬಿನ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ಆಚಾರ್ರ, ವಜನೆಲ್ಲ ಈ ಮಡಚಿದ ಜಾಗದ ಮ್ಯಾಲೆ ಬೀಳ್ತೈತಿ. ಬಿರುಕು ಬಿಟ್ಟೈತೋ ಏನೋ ನೋಡಬೇಕ್ರಿ. ಬಣ್ಣ ಕೆರೆಸಿ ಕೊಡ್ರಿ."

"ನೀವೇ ಕೆರೀರಿ."

"ನಾನಾ? ಹಬ್ಬದ ದಿನ, ನಿಮ್ಮ ದೇವರ ವಿಭೂತಿ, ನಾ ಕೆರೀಲಾ? ಬ್ಯಾಡ್ರಿ ಮಾರಾಯ್ರ. ಚೈನ್ ನೋಡ ಅನ್ರಿ, ನೋಡ್ತೀನಿ."

ಅವರು ಹೇಳಿದ್ದು ಸರಿಯಾಗಿತ್ತು. ಆದರೆ ಅವರಿಗಾದರೂ ತಪ್ಪಿಸಿಕೊಳ್ಳಲು ಒಂದು ದಾರಿಯಿತ್ತು, ನನ್ನ ಪಾಡು ಇನ್ನೂ ಕಷ್ಟ. ಅಂಗಾರ ಅಕ್ಷತೆಯ ಹಣೆಯವನು ಉಳಿ ಹಿಡಿದು ಮೂರು ಅಡ್ಡಗೆರೆ ಕೆರೆಯುತ್ತಿದ್ದಾನೆ ಎಂದರೆ ಅದು ಫೋರ್ಕ್‌ಲಿಫ್ಟಿನ ವಿಚಾರವಾಗಿ ಉಳಿಯುವುದಿಲ್ಲ. ಅದು ನೂರಾರು ವರ್ಷದ ಹಳೆಯ ಜಗಳವಾಗುತ್ತದೆ. ಊರು ಗೊತ್ತಿರುವವರು ಯಾರೂ ಆ ಕೆಲಸ ಮಾಡುತ್ತಿರಲಿಲ್ಲ. ಡ್ರೈವರನನ್ನು ಕೇಳಿದೆ. ತಾನು ನಡೆಸುವವನೇ ಹೊರತು ಕೆರೆಯುವವನಲ್ಲ ಎಂದ. ಮೇಸ್ತ್ರಿಯನ್ನು ಕೇಳಿದೆ. "ಹಚ್ಚಿದ್ದನ್ನ ಅಳಸಬಾರದ್ರಿ, ಅದರ ಮ್ಯಾಲ ಹಚ್ಚಬೇಕು" ಎಂದ. ಕೊನೆಗೆ ಸಾಹುಕಾರರನ್ನೇ ಕೇಳಿದೆ. ಅವರು ನನ್ನನ್ನು ಕರುಣೆಯಿಂದ ನೋಡಿ, "ವಿಭೂತಿ ಇದ್ದಲ್ಲಿ ಬಿರುಕು ಎಲ್ಲಿಂದ ಬರ್ತೈತ್ರಿ ಆಚಾರ್ರ?" ಎಂದರು. ಸಾಬರು ಉಳಿದದ್ದನ್ನೆಲ್ಲ ಬಿಗಿ ಮಾಡಿ, ಉಳಿದದ್ದೆಲ್ಲ ಠೀಕ್ ಐತಿ ಎಂದು ಹೇಳಿ ಹೋದರು. ಮೇಸ್ತ್ರಿ ಆ ವರ್ಷದ ಗೆರೆ ಬಳಿದ. ನಾನು ಸಾಕು ಅಂದೆ. ಡ್ರೈವರ್ ನಡೀತೈತಿ ಅಂದ.

ದಸರೆ ಕಳೆದರೆ ಹತ್ತಿಯ ಸೀಸನ್. ಗೋದಾಮು ಛಾವಣಿಯವರೆಗೆ ತುಂಬಿತ್ತು. ಒಂದು ದಿನ ಮಧ್ಯಾಹ್ನ ಹಮಾಲರು ಬೇಲುಗಳ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಗಾಡಿ ಯಾಕೋ ಆ ದಿನ ಚೆನ್ನಾಗಿ ಓಡುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಡ್ರೈವರನಿಗೆ ಕೂಗುತ್ತಿದ್ದೆ. ಅವನು ಒಂದು ಬೇಲನ್ನು ರಾಶಿಯ ಮೇಲಿಡಲು ಪೂರ್ತಿ ಎತ್ತಿದ್ದ. ಗುಂಡು ಹಾರಿದಂಥ ಸದ್ದು ಬಂತು. ಎಡಗಡೆಯ ಕೊಂಬು ಬಾಗಿದ ಜಾಗದಲ್ಲಿ ಮುರಿದು, ಬೇಲು ಓರೆಯಾಗಿ, ಕೆಳಗೆ ಬಿದ್ದು, ಒಮ್ಮೆ ಪುಟಿದು, ಹಮಾಲರು ಕೂತಿದ್ದ ಕಡೆ ಮಗುಚಿಕೊಂಡಿತು.

ಮೇಸ್ತ್ರಿಯ ಅಳಿಯ ಆ ಸಾಲಿನ ಕೊನೆಯಲ್ಲಿ ಕೂತು ಉಣ್ಣುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ಮದುವೆಯಾದವನು, ಮೇಸ್ತ್ರಿಯ ಒಬ್ಬಳೇ ಮಗಳ ಗಂಡ. ಬೇಲು ಬಿದ್ದದ್ದು ಅವನ ಜಾಗದ ಮೇಲೆಯೇ. ಧೂಳು ಇಳಿಯುವ ಮುಂಚೆಯೇ ಎಲ್ಲರೂ ಆ ಕಡೆ ಓಡಿದರು. ಆಮೇಲೆ ಅವನು ಗೋದಾಮಿನ ಹಿಂದಿನ ನಲ್ಲಿಯ ಕಡೆಯಿಂದ ತುಂಬಿದ ಚಂಬು ಹಿಡಿದು ಬಂದು, ಏನಾಯಿತು ಎಂದು ಕೇಳಿದ. ಖಾರದ ಚಟ್ನಿ ನೆತ್ತಿಗೇರಿ ನೀರಿಗೆ ಎದ್ದು ಹೋಗಿದ್ದನಂತೆ.

ಬೇಲನ್ನು ಹೊರಳಿಸಿದಾಗ ಕೆಳಗೆ ಅವನ ಬುತ್ತಿ ಸಿಕ್ಕಿತು. ರೊಟ್ಟಿ ನೆಲಕ್ಕೆ ಅಂಟಿಕೊಂಡಿತ್ತು. ತಟ್ಟೆ ಕಾಗದದ ಹಾಗಾಗಿತ್ತು.

ಮೇಸ್ತ್ರಿ ಅಳಿಯನ ಕಡೆ ಹೋಗಲಿಲ್ಲ. ಮುರಿದ ಕೊಂಬಿನ ತುಂಡಿನ ಹತ್ತಿರ ಕೂತ. ನಾನೂ ಹೋಗಿ ನೋಡಿದೆ. ಮುರಿದ ಕಡೆ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಗೆ ತುಕ್ಕು ಹಿಡಿದಿತ್ತು. ಉಳಿದ ಸ್ವಲ್ಪ ಮಾತ್ರ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅಂದರೆ ಬಿರುಕು ಬಿಟ್ಟು ಎಷ್ಟೋ ಕಾಲವಾಗಿತ್ತು, ಇಷ್ಟು ದಿನ ಆ ಹೊಳೆಯುವ ಚೂರಿನ ಮೇಲೆ ಬೇಲುಗಳು ನಿಂತಿದ್ದವು. ತುಕ್ಕಿನ ಅಂಚಿಗೆ ಬಿಳಿ ಪೇಂಟಿನ ಪದರಗಳು, ಈರುಳ್ಳಿ ಸಿಪ್ಪೆಯ ಹಾಗೆ, ಒಂದರ ಮೇಲೊಂದು. ಮೇಸ್ತ್ರಿ ಉಗುರಿನಿಂದ ಒಂದು ಪದರ ಎಬ್ಬಿಸಿದ. ಇನ್ನೊಂದು ಎಬ್ಬಿಸಿದ. ಆಮೇಲೆ ಕೈ ಒರೆಸಿಕೊಂಡು ಎದ್ದ.

ಸಾಹುಕಾರರು ಬಂದರು. ಸಾಬರಿಗೆ ಹೇಳಿಕಳಿಸಿದರು. ಸಾಬರು ತುಂಡನ್ನು ತಿರುಗಿಸಿ ನೋಡಿ, ವೆಲ್ಡಿಂಗ್ ಮಾಡಿದರೆ ನಾಳೆ ಸಂಜೆಯೊಳಗೆ ನಡೆಯುತ್ತದೆ, ಆದರೆ ಎಷ್ಟು ದಿನ ಎಂದು ತಮ್ಮನ್ನು ಕೇಳಬಾರದು ಎಂದರು. ಡ್ರೈವರ್ ಆಗಲೂ ನಡೀತೈತಿ ಅಂದ. ಅವನಿಗೆ ಬೇರೆ ಮಾತು ರೂಢಿ ಇರಲಿಲ್ಲ. ಹೊರಗೆ ಗುಂಪಾಗಿ ನಿಂತಿದ್ದ ಹಮಾಲರೂ, ಹೌದ್ರಿ, ವೆಲ್ಡಿಂಗ್ ಮಾಡಸ್ರಿ, ನಾವ ಹೊತ್ಕೊಂಡು ಹೋಗ್ತೀವಿ ಕೌಲ್ ಬಜಾರಿಗೆ ಎಂದರು. ಎಲ್ಲರಿಗಿಂತ ಜೋರಾಗಿ ಹೇಳಿದವನು ಅಳಿಯ.

"ನನಗೇನೂ ಆಗಿಲ್ಲರಿ ಧಣೇರ."

"ನಿನ್ನ ಬುತ್ತಿಗೆ ಆಗೈತಿ, ಸುಮ್ನ ನಿಂದ್ರಲೇ" ಎಂದ ಮೇಸ್ತ್ರಿ. ಆಮೇಲೆ ಸಾಹುಕಾರರ ಮುಂದೆ ಬಂದು ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಸಾಕ್ರಿ ಧಣೇರ."

ಸಾಹುಕಾರರು ಅವನ ಕಡೆ ತಿರುಗಿದರು. "ನಿನ್ನ ಯಾರೂ ಕೇಳಿಲ್ಲಲ್ಲೋ."

"ಯಾವತ್ತೂ ಕೇಳಿಲ್ರಿ. ದಿನಾ ಮುಂಜಾನೆ ಅದನ್ನ ನೂಕಿ ಎಬ್ಬಿಸಿದಾವ್ರು ನಾವು. ಅದರ ಸಂಗಾಟ ದುಡಿದಾವ್ರು ನಾವಲ್ಲ ಅಂದ್ರ ಮತ್ಯಾರ್ರಿ? ನಾನ ಬಣ್ಣ ಹಚ್ಚಿ ಹಚ್ಚಿ ಅದರ ಬಾಯಿ ಮುಚ್ಚಿಟ್ಟಿದ್ದೆ. ಇವತ್ತು ಮಗಳ ತಾಳಿ ಹೋಗ್ತಿತ್ತು. ಸಾಕು."

"ಹೊಸಾದು ತಂದ್ರ ನಿನ್ನ ಮಂದಿ?"

"ಮಂದಿ ಉಳದ್ರ ಕೆಲಸ ಹುಡುಕತಾರ್ರಿ."

ಹಿಂದೆ ನಿಂತಿದ್ದ ಹಮಾಲರಲ್ಲಿ ಒಬ್ಬ, ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡಿತಿ ಯಪ್ಪಾ ಎಂದ. ಮೇಸ್ತ್ರಿ ತಿರುಗಿ ನೋಡಲಿಲ್ಲ. ಸಾಹುಕಾರರು ಡ್ರೈವರನ ಕಡೆ ನೋಡಿದರು. ಡ್ರೈವರ್ ತಲೆ ತಗ್ಗಿಸಿ ಸಾಕು ಅಂದ. ಸಾಬರು, ಹಾಂ ಸಾಕು ಎಂದರು. ನನ್ನ ಸರದಿ ಬಂತು. ಇಷ್ಟು ವರ್ಷ ನೀರು ಕುಡಿದ ಹಾಗೆ ಹೇಳಿದ ಮಾತು ಆ ದಿನ ನನಗೇ ಬೇಡವಾಗಿತ್ತು. ಹೇಳಿದೆ. ಹೇಳಿ ಆಚೆ ಹೋಗಿ ನಲ್ಲಿಯ ಹತ್ತಿರ ನಿಂತೆ.

ಹೊಸ ಗಾಡಿ ಬರುವುದಕ್ಕೆ ಸೀಸನ್ನಿನ ಕೊನೆಯಾಯಿತು. ಅಲ್ಲಿಯವರೆಗೆ ಎಲ್ಲ ಬೇಲುಗಳನ್ನೂ ಹಮಾಲರೇ ಎತ್ತಿದರು. ಅಷ್ಟು ಕೆಲಸ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅವರು ಮೇಸ್ತ್ರಿಯ ಜೊತೆ ಮಾತು ಬಿಟ್ಟಿದ್ದರು, ಅಳಿಯ ಕೂಡ. ಅವನು ಹೇಳಿದ ಕೆಲಸ ಮಾಡುತ್ತಿದ್ದರು, ಆದರೆ ಉಣ್ಣುವಾಗ ಅವನು ಬೇರೆ ಕೂತುಕೊಳ್ಳಬೇಕಾಗುತ್ತಿತ್ತು. ನಾನು ಒಮ್ಮೆ ಅವರಿಗೆಲ್ಲ ಬುದ್ಧಿ ಹೇಳುತ್ತೇನೆ ಎಂದೆ. ಬ್ಯಾಡ್ರಿ ಆಚಾರ್ರ, ಅವರದೇನು ತಪ್ಪೈತಿ ಎಂದ ಮೇಸ್ತ್ರಿ.

ಗಾಡಿ ಲಾರಿಯ ಮೇಲೆ ಬಂತು. ಹಳದಿ ಬಣ್ಣ, ಕಣ್ಣು ಕುಕ್ಕುವ ಹೊಳಪು. ಸಂಗಡ ಬಂದ ಕಂಪನಿಯ ಹುಡುಗ ಟೈ ಕಟ್ಟಿದ್ದ. ಇಳಿಸುವುದಕ್ಕೆ ಕ್ರೇನ್ ಎಲ್ಲಿ ಎಂದು ಕೇಳಿದ. ಕ್ರೇನ್ ನಮ್ಮಲ್ಲಿ ಇರಲಿಲ್ಲ. ಗಣಿಯವರ ಹತ್ತಿರ ಇತ್ತು, ಕೇಳಿಕಳಿಸಿದರೆ ಮುಂದಿನ ವಾರ ನೋಡೋಣ ಅಂದರು. ಲಾರಿಯವನು ಮಧ್ಯಾಹ್ನದೊಳಗೆ ಇಳಿಸಿಕೊಳ್ಳದಿದ್ದರೆ ತಿರುಗಿ ಒಯ್ಯುತ್ತೇನೆ ಎಂದು ಕೂಗಾಡಿದ. ನಾನೂ ಕೂಗಾಡಿದೆ. ಹಮಾಲರು ಬೇವಿನ ಮರದ ಕೆಳಗೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಅವರನ್ನು ಕೇಳ್ರಿ ಎಂದು ಸಾಹುಕಾರರು ಕಣ್ಣಿನಲ್ಲೇ ಸೂಚಿಸಿದರು. ಕೇಳುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು?

ಮೇಸ್ತ್ರಿ ಎದ್ದು ಬಂದ. ಲಾರಿಯ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ಗಾಲಿಗಳನ್ನು ನೋಡಿದ. ಆಮೇಲೆ ಮರದ ಕಡೆ ತಿರುಗಿ, ಬರ್ರೋ ಎಂದ. ಅಷ್ಟೇ. ಒಬ್ಬೊಬ್ಬರೇ ಎದ್ದರು. ಅಳಿಯ ಕೊನೆಗೆ ಎದ್ದ.

ಗೋದಾಮಿನಿಂದ ಬೇಲುಗಳನ್ನು ಉರುಳಿಸಿಕೊಂಡು ಬಂದು ಲಾರಿಯ ಹಿಂದೆ ಮೆಟ್ಟಿಲಿನ ಹಾಗೆ ಇಳಿಜಾರು ಕಟ್ಟಿದರು. ಅದರ ಮೇಲೆ ದಪ್ಪ ಹಲಗೆಗಳನ್ನು ಹಾಸಿದರು. ಗಾಡಿಗೆ ಹಗ್ಗ ಬಿಗಿದು, ಐದು ಮಂದಿ ಮುಂದೆ, ಆರು ಮಂದಿ ಹಿಂದೆ ನಿಂತರು. ಮೇಸ್ತ್ರಿ ಹಾಡಿನ ಹಾಗೆ ಕೂಗು ಕೊಡುತ್ತಿದ್ದ, ಅವರು ಹೈಸಾ ಎನ್ನುತ್ತಿದ್ದರು. ಗೇಣು ಗೇಣಾಗಿ ಗಾಡಿ ಇಳಿಯಿತು. ಒಂದು ಕಡೆ ಹಲಗೆ ಜಾರಿ ಗಾಡಿ ವಾಲಿತು. ಟೈ ಕಟ್ಟಿದ ಹುಡುಗ ಕಣ್ಣು ಮುಚ್ಚಿಕೊಂಡ. ಮೇಸ್ತ್ರಿ ಹೆಗಲು ಕೊಟ್ಟು ನಿಂತ. "ಬಣ್ಣ ಕೆತ್ತೀತು, ಹುಷಾರಲೇ" ಎಂದು ಕೂಗಿದ. ಒಂದು ಗೀರೂ ಬೀಳದೆ ಅದು ನೆಲಕ್ಕೆ ಬಂತು.

ಕಾಯಿ ಒಡೆದರು, ನಿಂಬೆಹಣ್ಣು ಗಾಲಿಯ ಕೆಳಗಿಟ್ಟರು. ಡ್ರೈವರ್ ಹತ್ತಿ ಕೂತು ಕೀಲಿ ತಿರುಗಿಸಿದ. ಯಾರೂ ನೂಕಲಿಲ್ಲ, ಅದು ಸ್ಟಾರ್ಟ್ ಆಯಿತು. ಮೊದಲ ಕೆಲಸವಾಗಿ ಇಳಿಜಾರಿಗೆ ಇಟ್ಟಿದ್ದ ಬೇಲುಗಳನ್ನು ತಿರುಗಿ ಗೋದಾಮಿಗೆ ಇಡಲು ಸಾಹುಕಾರರು ಹೇಳಿದರು. ಅವನ್ನು ತಂದು ಜೋಡಿಸುವುದಕ್ಕೆ ಹನ್ನೆರಡು ಮಂದಿಗೆ ಬೆಳಗಿನ ಹೊತ್ತೆಲ್ಲ ಹಿಡಿದಿತ್ತು. ಹಮಾಲರು ಕೈಕಾಲು ತೊಳೆಯಲು ನಲ್ಲಿಗೆ ಹೋದರು. ಅವರಲ್ಲಿ ಕೊನೆಯವನು ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಅಂಗಳ ಖಾಲಿಯಾಗಿತ್ತು.

ಅವರೆಲ್ಲ ಸಾಲಾಗಿ ನಿಂತು ನೋಡಿದರು. ಆಮೇಲೆ ಮೇಸ್ತ್ರಿಯ ಅಳಿಯ ಹೋಗಿ ಮಾವನ ಪಕ್ಕದಲ್ಲಿ ನಿಂತುಕೊಂಡ.

"ಭಾಳ ಹಗೂರ ಎತ್ತತೈತ್ರಿ ಆಚಾರ್ರ" ಎಂದ ಮೇಸ್ತ್ರಿ. ಅವನ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಒಳ್ಳೆಯ ಹಮಾಲನನ್ನು ಕಂಡು ಇನ್ನೊಬ್ಬ ಹಮಾಲ ಹೇಳುವ ಹಾಗೆ ಹೇಳಿದ. ನನಗೆ ಅಳು ಬಂತು. ಅಳುವುದು ನನಗೆ ಗೊತ್ತಿಲ್ಲದ ಕೆಲಸವಾದ್ದರಿಂದ ಸಿಟ್ಟು ಮಾಡಿಕೊಂಡು, ಇಷ್ಟು ಜೋರಾಗಿ ಯಾಕೆ ಓಡಿಸುತ್ತೀಯ ಎಂದು ಡ್ರೈವರನನ್ನು ಬೈದೆ. ಅವನು ನಿಧಾನವಾಗಿಯೇ ಓಡಿಸುತ್ತಿದ್ದ.

ನಾಲ್ಕು ಮಂದಿಯನ್ನು ಇಟ್ಟುಕೊಳ್ಳುತ್ತೇನೆ, ನೀನೇ ಆರಿಸು ಎಂದು ಸಾಹುಕಾರರು ಮೇಸ್ತ್ರಿಗೆ ಹೇಳಿದರು. ಮಕ್ಕಳು ಹೆಚ್ಚಿರುವ ನಾಲ್ವರ ಹೆಸರು ಹೇಳಿದ. ಅದರಲ್ಲಿ ಅಳಿಯನ ಹೆಸರಿರಲಿಲ್ಲ, ತನ್ನದೂ ಇರಲಿಲ್ಲ. ಉಳಿದವರು ಗಾಡಿ ಇಳಿಸಿದ ಹಗ್ಗಗಳನ್ನು ಬಿಚ್ಚಿ ಸುತ್ತತೊಡಗಿದರು. ಅವನ್ನು ಗೋದಾಮಿನ ಮೂಲೆಗೆ ಇಡಿ ಎಂದು ನಾನು ಅಭ್ಯಾಸದಿಂದ ಕೂಗಿದೆ.

"ಇವು ನಮ್ಮವು ರೀ" ಎಂದ ಮೇಸ್ತ್ರಿ.

ಹಗ್ಗಗಳನ್ನು ಹೆಗಲಿಗೆ ಹಾಕಿಕೊಂಡು ಎಂಟು ಮಂದಿ ಕುರುಗೋಡಿನ ಬಸ್ಸಿಗೆ ನಡೆದರು.